ರಾಮನಗರದ ಬೆಟ್ಟಕ್ಕೆ ಬಂದ ಆ ಅಜ್ಜಿ ಅದಕ್ಕೆ ಮೊದಲು ಎಲ್ಲಿದ್ದರು?

ಪ್ರಶ್ನೆ: ನಾನು ರಾಮನಗರದವನು. ನಮ್ಮ ಕಡೆಯ ಬೆಟ್ಟಗಳಲ್ಲಿ ‘ಎ ಪ್ಯಾಸೇಜ್ ಟು ಇಂಡಿಯಾ’ ಚಿತ್ರದ ಶೂಟಿಂಗ್ ಆಗಿತ್ತು ಅಂತ ನಮ್ಮ ತಂದೆ ಹೇಳುತ್ತಿದ್ದರು. ಮೊನ್ನೆ ಆ ಚಿತ್ರ ನೋಡಿದೆ. ಮಿಸೆಸ್ ಮೂರ್ ಪಾತ್ರ ಮಾಡಿದ ವಯಸ್ಸಾದ ನಟಿ ಮನಸ್ಸಿನಲ್ಲೇ ಉಳಿದುಬಿಟ್ಟರು. ಹೆಸರು ಪೆಗ್ಗಿ ಆಶ್‌ಕ್ರಾಫ್ಟ್, ಈ ಪಾತ್ರಕ್ಕೆ 77ನೇ ವಯಸ್ಸಿನಲ್ಲಿ ಆಸ್ಕರ್ ಬಂತು ಅಂತ ಗೊತ್ತಾಯಿತು. ಇಷ್ಟು ಒಳ್ಳೆಯ ನಟಿ ಅಷ್ಟು ವರ್ಷ ಎಲ್ಲಿದ್ದರು? ಯಾರೂ ಅವಕಾಶ ಕೊಡಲಿಲ್ಲವೇ? ಅವರ ಬೇರೆ ಕೆಲಸ ನೋಡಬೇಕೆಂದರೆ ಎಲ್ಲಿಂದ ಶುರು ಮಾಡಲಿ?

ಉತ್ತರ: ‘ಯಾರೂ ಅವಕಾಶ ಕೊಡಲಿಲ್ಲವೇ’ ಅನ್ನುವ ಸಾಲು ಓದಿ ಸ್ವಲ್ಪ ನಗು ಬಂತು. ತಪ್ಪು ತಿಳಿಯಬೇಡಿ. ಪೆಗ್ಗಿ ಅವರನ್ನು ಸಿನಿಮಾದಿಂದ ಪರಿಚಯ ಮಾಡಿಕೊಂಡವರಿಗೆಲ್ಲ ಹೀಗೇ ಅನ್ನಿಸುತ್ತದೆ. ನಿಮ್ಮ ಊರಿನ ಬೆಟ್ಟಕ್ಕೆ ಬರುವ ಹೊತ್ತಿಗೆ ಅವರು ರಂಗಕ್ಕೆ ಕಾಲಿಟ್ಟು 57 ವರ್ಷ ಆಗಿತ್ತು. ಹುಟ್ಟೂರಿನ ನಾಟಕಮಂದಿರಕ್ಕೆ ಅವರ ಹೆಸರಿಟ್ಟೇ 20 ವರ್ಷ ದಾಟಿತ್ತು. ಇಂಗ್ಲೆಂಡಿನಲ್ಲಿ ನಾಟಕ ನೋಡುವ ಮನೆಗಳಲ್ಲಿ ಅವರು ಯಾರು ಅಂತ ಕೇಳುವವರೇ ಇರಲಿಲ್ಲ. ಹೊರಗಿನ ನಮಗೆ ಗೊತ್ತಾಗಲಿಲ್ಲ, ಅಷ್ಟೇ. ಯಾಕೆಂದರೆ ಅವರ ದೊಡ್ಡ ಕೆಲಸವೆಲ್ಲ ಕ್ಯಾಮೆರಾ ಇಲ್ಲದ ಜಾಗದಲ್ಲಿ ನಡೆಯಿತು. ರಾತ್ರಿ ಪರದೆ ಬಿತ್ತು, ಮುಗಿಯಿತು. ಅದನ್ನು ನೋಡಿದವರೂ ಒಬ್ಬೊಬ್ಬರಾಗಿ ಹೋಗಿಬಿಟ್ಟರು.

ಹುಟ್ಟಿದ್ದು 1907ರ ಡಿಸೆಂಬರ್ 22, ಲಂಡನ್ನಿನ ದಕ್ಷಿಣಕ್ಕಿರುವ ಕ್ರಾಯ್ಡನ್ನಿನಲ್ಲಿ. ಈ ಊರಿನ ಹೆಸರು ನೆನಪಿಟ್ಟುಕೊಳ್ಳಿ, ಕೊನೆಗೆ ಮತ್ತೆ ಬರುತ್ತದೆ. ತಂದೆ ಮೊದಲ ಮಹಾಯುದ್ಧದಲ್ಲಿ ತೀರಿಕೊಂಡರು. ತಾಯಿಗೆ ನಾಟಕದ ಹುಚ್ಚಿತ್ತು, ಹವ್ಯಾಸಕ್ಕೆ ಪಾತ್ರ ಮಾಡುತ್ತಿದ್ದರು. ಆಕೆಗೆ ಪಾಠ ಹೇಳಿದ್ದವರು ಎಲ್ಸಿ ಫೊಗರ್ಟಿ. ಅದೇ ಫೊಗರ್ಟಿ ನಡೆಸುತ್ತಿದ್ದ ನಟನೆಯ ಶಾಲೆ ಸೆಂಟ್ರಲ್ ಸ್ಕೂಲಿಗೆ 16ನೇ ವಯಸ್ಸಿನಲ್ಲಿ ಮಗಳೂ ಸೇರಿದರು. ತರಗತಿಗಳು ನಡೆಯುತ್ತಿದ್ದದ್ದು ಆಲ್ಬರ್ಟ್ ಹಾಲಿನಲ್ಲಿ. ಸಹಪಾಠಿ, ಮುಂದೆ ಇಂಗ್ಲೆಂಡಿನ ದೊಡ್ಡ ನಟನಾದ ಲಾರೆನ್ಸ್ ಒಲಿವಿಯರ್! ‘ವೆನಿಸಿನ ವ್ಯಾಪಾರಿ’ಯ ನ್ಯಾಯಾಲಯದ ದೃಶ್ಯದಲ್ಲಿ ಅವನು ಶೈಲಾಕ್, ಇವರು ಪೋರ್ಷಿಯಾ. ಬಹುಮಾನವನ್ನು ಇಬ್ಬರಿಗೂ ಹಂಚಿದರು.

ಆ ಶಾಲೆಯಲ್ಲಿ ದನಿಗೆ ಬಹಳ ಬೆಲೆ. ಸುಂದರವಾಗಿ, ಸ್ಪಷ್ಟವಾಗಿ, ಕೊನೆಯ ಸಾಲಿಗೆ ಕೇಳುವಂತೆ ಮಾತಾಡಬೇಕು. ಪೆಗ್ಗಿಗೆ ಇದು ಅಷ್ಟಾಗಿ ಹಿಡಿಸಲಿಲ್ಲ. ಅವರು ಆಗ ರಷ್ಯಾದ ನಾಟಕ ನಿರ್ದೇಶಕ ಸ್ತಾನಿಸ್ಲಾವ್‌ಸ್ಕಿಯ ಆತ್ಮಕಥೆ ಓದುತ್ತಿದ್ದರು. ಪಾತ್ರದ ಒಳಗೆ ಏನು ನಡೆಯುತ್ತಿದೆ ಅನ್ನುವುದು ಮೊದಲು, ದನಿ ಆಮೇಲೆ. ಈ ಜಗಳ ಅವರ ಕೆಲಸದ ಉದ್ದಕ್ಕೂ ಕಾಣುತ್ತದೆ. ನೀವು ಮಿಸೆಸ್ ಮೂರ್‌ನಲ್ಲಿ ಕಂಡದ್ದೂ ಅದೇ. ಆಕೆ ಮಾತಾಡುವುದು ಕಡಿಮೆ. ಆದರೆ ಏನೋ ಯೋಚಿಸುತ್ತಿದ್ದಾಳೆ ಅಂತ ನಮಗೆ ಗೊತ್ತಾಗುತ್ತಲೇ ಇರುತ್ತದೆ ಅಲ್ವಾ?

ವೃತ್ತಿ ಶುರುವಾದದ್ದು 1926ರಲ್ಲಿ, ಬರ್ಮಿಂಗ್‌ಹ್ಯಾಮ್ ರೆಪರ್ಟರಿಯಲ್ಲಿ. ಇನ್ನೂ ವಿದ್ಯಾರ್ಥಿನಿ, 18 ವರ್ಷ. ಎದುರಿಗೆ ನಟ ರಾಲ್ಫ್ ರಿಚರ್ಡ್‌ಸನ್. ಅದೇ ವರ್ಷ ತಾಯಿಯೂ ಹೋದರು. ಮುಂದಿನ ಮೂರು ನಾಲ್ಕು ವರ್ಷ ಸಣ್ಣಪುಟ್ಟ ತಂಡ, ಸಣ್ಣಪುಟ್ಟ ಪಾತ್ರ. ಅದನ್ನೆಲ್ಲ ಬಿಟ್ಟು ನೇರ 1930ಕ್ಕೆ ಬರುತ್ತೇನೆ.

ಆ ವರ್ಷ ಲಂಡನ್ನಿನ ಸವಾಯ್ ಥಿಯೇಟರಿನಲ್ಲಿ ‘ಒಥೆಲೊ’. ಒಥೆಲೊ ಪಾತ್ರಕ್ಕೆ ಅಮೆರಿಕದ ಕಪ್ಪು ಗಾಯಕ, ನಟ ಪಾಲ್ ರೋಬ್ಸನ್. ಅಲ್ಲಿಯವರೆಗೆ ಲಂಡನ್ನಿನವರು ನೋಡುತ್ತಿದ್ದದ್ದು ಹೆಚ್ಚಾಗಿ ಮುಖಕ್ಕೆ ಮಸಿ ಬಳಿದುಕೊಂಡ ಬಿಳಿಯರ ಒಥೆಲೊವನ್ನು. ಡೆಸ್ಡಿಮೋನಾ ಆಗಿದ್ದ ಪೆಗ್ಗಿಗೆ 22 ವರ್ಷ. ನಾಟಕ ಒಟ್ಟಾರೆ ಅಷ್ಟೇನೂ ಮೇಲೇಳಲಿಲ್ಲ, ಆದರೆ ಇವರಿಗೆ ಮಾತ್ರ ಎಲ್ಲರೂ ಸೈ ಅಂದರು. ನಟ ಜಾನ್ ಗಿಲ್ಗುಡ್ ಅಂದು ನೋಡಿ ಬಂದವರು. ಸಭೆಯ ದೃಶ್ಯದಲ್ಲಿ ಪೆಗ್ಗಿ ಒಳಗೆ ಬಂದದ್ದೇ ತಡ, ಥಿಯೇಟರಿನ ದೀಪಗಳೆಲ್ಲ ಒಮ್ಮೆಲೇ ಹೊತ್ತಿಕೊಂಡ ಹಾಗಾಯಿತು ಅಂತ ಅವರು ಆಮೇಲೆ ನೆನೆಸಿಕೊಂಡಿದ್ದಾರೆ.

ಆದರೆ ಪೆಗ್ಗಿಗೆ ಆ ನಾಟಕ ಬೇರೆಯದನ್ನೂ ಕಲಿಸಿತು. ಕಪ್ಪು ಮನುಷ್ಯನ ಹೆಂಡತಿಯಾಗಿ ನಟಿಸಿದ್ದಕ್ಕೆ ಮನೆಗೆ ಬೈಗುಳದ ಕಾಗದಗಳು ಬಂದವು. ಥಿಯೇಟರಿಗೆ ಅಂಟಿಕೊಂಡೇ ಒಂದು ದೊಡ್ಡ ಹೋಟೆಲು. ರಂಗದ ಮೇಲೆ ರೋಬ್ಸನ್‌ಗೆ ಚಪ್ಪಾಳೆ, ಪಕ್ಕದ ಹೋಟೆಲಿನಲ್ಲಿ ಮಾತ್ರ ಅವರಿಗೆ ಜಾಗವಿಲ್ಲ. ಆವತ್ತಿನಿಂದ ಪೆಗ್ಗಿ ರಾಜಕೀಯದ ವಿಷಯದಲ್ಲಿ ಸುಮ್ನೆ ಕೂತವರಲ್ಲ. 53 ವರ್ಷದ ನಂತರ, ಬ್ರಿಟಿಷರ ಕಾಲದ ಭಾರತದಲ್ಲಿ ಒಬ್ಬ ಮುಸ್ಲಿಂ ಡಾಕ್ಟರನ್ನು ತನ್ನ ಸಮಾನನಂತೆ ಕಾಣುವ ಮುದುಕಿಯ ಪಾತ್ರ ಕೈಗೆ ಬಂದಾಗ ಆ ಕಾಗದಗಳು ನೆನಪಾಗಿರಬಹುದು ಅಂತ ನಾನು ಅಂದುಕೊಳ್ಳುತ್ತೇನೆ. ಇದು ನನ್ನ ಊಹೆ ಮಾತ್ರ.

1932ರಲ್ಲಿ ಆಕ್ಸ್‌ಫರ್ಡ್ ವಿದ್ಯಾರ್ಥಿಗಳು ‘ರೋಮಿಯೊ ಜೂಲಿಯೆಟ್’ ಆಡಿದರು. ಗಿಲ್ಗುಡ್ ನಿರ್ದೇಶನ, ಅವರಿಗೆ ನಿರ್ದೇಶನ ಅದೇ ಮೊದಲು. ಹುಡುಗರು ವಿದ್ಯಾರ್ಥಿಗಳು, ಹೆಂಗಸರ ಪಾತ್ರಕ್ಕೆ ವೃತ್ತಿಯವರು. ಜೂಲಿಯೆಟ್ ಪೆಗ್ಗಿ, ದಾದಿ ಈಡಿತ್ ಇವಾನ್ಸ್. ಜೂಲಿಯೆಟ್ ಸತ್ತಳೆಂದು ಮನೆಯವರೆಲ್ಲ ಗೋಳಾಡಿದ ಮೇಲೆ ಒಬ್ಬ ವಾದ್ಯಗಾರ ‘ಇನ್ನು ಕೊಳಲು ಕಟ್ಟಿಕೊಂಡು ಹೊರಡೋಣ’ ಅನ್ನುವ ಅರ್ಥದ ಒಂದೇ ಒಂದು ಸಾಲು ಹೇಳಬೇಕು. ಆ ವಿದ್ಯಾರ್ಥಿ ಅದನ್ನು ಹೇಗೆ ಹೇಳಿದರೂ ಜನ ನಕ್ಕರು. ಒಂದು ರಾತ್ರಿ ಈ ಪದಕ್ಕೆ ಒತ್ತು, ಮರುರಾತ್ರಿ ಆ ಪದಕ್ಕೆ. ಏನು ಮಾಡಿದರೂ ನಗು. ಅಳುವ ದೃಶ್ಯ ನೀರುಪಾಲು. ಆ ಹುಡುಗ ನಟನೆಯ ಆಸೆ ಬಿಟ್ಟು ನಾಟಕ ಬರೆಯಲು ಕೂತ. ಹೆಸರು ಟೆರೆನ್ಸ್ ರ‍್ಯಾಟಿಗನ್. ಸರಿಯಾಗಿ 20 ವರ್ಷದ ಮೇಲೆ, 1952ರಲ್ಲಿ, ಅವನು ಬರೆದ ‘ದಿ ಡೀಪ್ ಬ್ಲೂ ಸೀ’ ನಾಟಕದ ಹೆಸ್ಟರ್ ಪಾತ್ರ ಪೆಗ್ಗಿಗೇ ಬಂತು. ಜಡ್ಜ್ ಗಂಡನನ್ನು ಬಿಟ್ಟು, ತನ್ನನ್ನು ಅಷ್ಟೇನೂ ಪ್ರೀತಿಸದ ಮಾಜಿ ಪೈಲಟ್ ಒಬ್ಬನ ಹಿಂದೆ ಬಂದ ಹೆಂಗಸು. ಆ ಪಾತ್ರ ಅವರಿಗೆ ಮೊದಮೊದಲು ಇಷ್ಟವೇ ಆಗಿರಲಿಲ್ಲ. ಇವತ್ತಿಗೂ ಹೆಸ್ಟರ್ ಮಾಡಲು ಹೊರಟ ಬ್ರಿಟಿಷ್ ನಟಿಯರನ್ನು ಜನ ಪೆಗ್ಗಿ ಜೊತೆಗೇ ಹೋಲಿಸುತ್ತಾರೆ.

ಜೂಲಿಯೆಟ್ ಮತ್ತೆ ಬಂದಳು, 1935ರಲ್ಲಿ, ಲಂಡನ್ನಿನ ನ್ಯೂ ಥಿಯೇಟರಿಗೆ. ಈ ಸಲದ ಏರ್ಪಾಟು ಮಜವಾಗಿತ್ತು. ಮೊದಲು ಸುಮಾರು ಆರು ವಾರ ಒಲಿವಿಯರ್ ರೋಮಿಯೊ, ಗಿಲ್ಗುಡ್ ಅವನ ಗೆಳೆಯ ಮರ್ಕ್ಯುಶಿಯೊ. ಆಮೇಲೆ ಅದಲು ಬದಲು. ಪತ್ರಿಕೆಯವರು, ಪ್ರೇಕ್ಷಕರು ಎಲ್ಲ ಎರಡು ಪಂಗಡ. ಗಿಲ್ಗುಡ್ ಪದ್ಯವನ್ನು ಸಂಗೀತದ ಹಾಗೆ ಹೇಳುವವರು. ಒಲಿವಿಯರ್‌ಗೆ ಸಂಗೀತ ಬೇಡ, ರಕ್ತ ಮಾಂಸದ ಹುಡುಗ ಬೇಕು. ಯಾರು ದೊಡ್ಡವರು ಅನ್ನುವ ಜಗಳ ಇಂದಿಗೂ ಮುಗಿದಿಲ್ಲ. ಈ ಗಲಾಟೆಯಲ್ಲಿ ಜನ ಮರೆಯುವುದು ಜೂಲಿಯೆಟ್‌ಳನ್ನು. ಹಾಡುವ ರೋಮಿಯೊ ಒಬ್ಬ, ಹಾರುವ ರೋಮಿಯೊ ಒಬ್ಬ. ಒಂದೇ ನಾಟಕದಲ್ಲಿ ಇಬ್ಬರಿಗೂ ಹೊಂದಿಕೊಂಡು, ಜೂಲಿಯೆಟ್ ಮಾತ್ರ ಅದೇ ಜೂಲಿಯೆಟ್ ಆಗಿ ಉಳಿಯಬೇಕು. ರಂಗದ ಮೇಲೆ ಎದುರಿನವನ ಮಾತನ್ನು ನಿಜವಾಗಿ ಕೇಳಿಸಿಕೊಳ್ಳುವವರಿಗೆ ಮಾತ್ರ ಅದು ಸಾಧ್ಯ. ನಟನೆ ಕಲಿಯುವ ಹುಡುಗರಿಗೆ ನಾನು ಈ ಕತೆಯನ್ನು ಜಾಸ್ತಿ ಹೇಳುವುದು ಇದೇ ಕಾರಣಕ್ಕೆ.

ಅದೇ 1935ರಲ್ಲಿ ಹಿಚ್‌ಕಾಕ್‌ನ ‘ದಿ 39 ಸ್ಟೆಪ್ಸ್’ ಬಂತು. ಸ್ಕಾಟ್ಲೆಂಡಿನ ಜಿಪುಣ ರೈತನ ಚಿಕ್ಕ ವಯಸ್ಸಿನ ಹೆಂಡತಿಯಾಗಿ ಪೆಗ್ಗಿ ಕೆಲವೇ ನಿಮಿಷ ಕಾಣುತ್ತಾರೆ. ಆ ಕೆಲವು ನಿಮಿಷ ನೋಡಿ. 27ರ ವಯಸ್ಸಿನ ಪೆಗ್ಗಿಯನ್ನು ಇಂದು ನಾವು ಚೆನ್ನಾಗಿ ನೋಡಲು ಸಿಗುವ ಜಾಗ ಅದೇ. ತಾರೆಯಾಗಲು ಅಷ್ಟೇ ಸಾಕಿತ್ತು ಅನ್ನಿಸುತ್ತದೆ. ಅವರು ನಾಟಕಕ್ಕೇ ವಾಪಸ್ ಹೋದರು. ಹಾಗಾಗಿ ನಿಮ್ಮ ಪ್ರಶ್ನೆಗೆ ಒಂದು ಉತ್ತರ ಇಲ್ಲೇ ಇದೆ. ಸಿನಿಮಾಕ್ಕೆ ಅವರು ಬೇಡವಾಗಲಿಲ್ಲ. ಅವರಿಗೇ ಸಿನಿಮಾ ಅಷ್ಟಾಗಿ ಬೇಕಿರಲಿಲ್ಲ.

ಸಂಸಾರದ ವಿಷಯ ಎರಡು ಮಾತಿನಲ್ಲಿ ಮುಗಿಸುತ್ತೇನೆ. ಮೂರು ಮದುವೆ, ಮೂರೂ ಉಳಿಯಲಿಲ್ಲ. ಮೊದಲನೆಯವರು ಪ್ರಕಾಶಕ ರೂಪರ್ಟ್ ಹಾರ್ಟ್-ಡೇವಿಸ್, ಎರಡನೆಯವರು ರಷ್ಯಾದಿಂದ ಬಂದ ನಿರ್ದೇಶಕ ಕೊಮಿಸಾರ್ಜೆವ್‌ಸ್ಕಿ, ಮೂರನೆಯವರು ವಕೀಲ ಜೆರೆಮಿ ಹಚಿನ್‌ಸನ್. 1960ರಲ್ಲಿ ‘ಲೇಡಿ ಚಾಟರ್ಲೀಸ್ ಲವರ್’ ಕಾದಂಬರಿ ಮೇಲೆ ಅಶ್ಲೀಲದ ಕೇಸು ನಡೆದಾಗ ಪುಸ್ತಕದ ಪರ ನಿಂತ ವಕೀಲರಲ್ಲಿ ಈ ಹಚಿನ್‌ಸನ್ ಒಬ್ಬರು. ಈ ಕೊನೆಯ ಮದುವೆ 25 ವರ್ಷ ನಡೆಯಿತು, ಎರಡು ಮಕ್ಕಳು.

ಯುದ್ಧದ ನಂತರದ ಪಟ್ಟಿ ಉದ್ದ. ‘ದಿ ಏರೆಸ್’, ಕ್ಲಿಯೋಪಾತ್ರ, ಹೆಡ್ಡಾ ಗಾಬ್ಲರ್. ಹೆಡ್ಡಾ ತನ್ನನ್ನು ಬರೆದ ಇಬ್ಸೆನ್ನನ ನಾಡಾದ ನಾರ್ವೆಗೂ ಹೋಗಿ, ಅಲ್ಲಿನ ದೊರೆಯಿಂದ ಪದಕ ಪಡೆದು ಬಂದಳು. 1956ರಲ್ಲಿ ಪೆಗ್ಗಿಗೆ ‘ಡೇಮ್’ ಪದವಿ, ಗಂಡಸರಿಗೆ ಕೊಡುವ ‘ಸರ್’ ಇದ್ದ ಹಾಗೆ. ಆ ಹೊತ್ತಿಗೆ ದೊಡ್ಡ ನಟಿಯೊಬ್ಬಳು ಏನು ಮಾಡುತ್ತಾಳೆ ಹೇಳಿ? ತನ್ನ ಹೆಸರಿಗೆ ಟಿಕೆಟ್ ಮಾರುವ ನಾಟಕ ಆರಿಸಿಕೊಂಡು ಆರಾಮಾಗಿ ಇರುತ್ತಾಳೆ. ಪೆಗ್ಗಿ ಅದೇ ವರ್ಷ ರಾಯಲ್ ಕೋರ್ಟ್ ಥಿಯೇಟರಿಗೆ ಹೋಗಿ ಜರ್ಮನಿಯ ಬ್ರೆಕ್ಟ್ ಬರೆದ ನಾಟಕ ಆಡಿದರು. ಜನಕ್ಕೆ ಅಷ್ಟು ಇಷ್ಟವಾಗಲಿಲ್ಲ. ಅವರು ತಲೆ ಕೆಡಿಸಿಕೊಳ್ಳಲಿಲ್ಲ.

ಮುಂದೆ ನಿರ್ದೇಶಕ ಪೀಟರ್ ಹಾಲ್ ಬಂದ. ಇನ್ನೂ ಮೂವತ್ತು ದಾಟದ ಹುಡುಗ. ಶೇಕ್ಸ್‌ಪಿಯರ್ ಹುಟ್ಟೂರು ಸ್ಟ್ರಾಟ್‌ಫರ್ಡ್‌ನಲ್ಲಿ ಬೇಸಿಗೆಗೆ ಒಂದು ತಂಡ ಕಟ್ಟಿ ಚಳಿಗಾಲಕ್ಕೆ ಬಿಡಿಸುವ ಪದ್ಧತಿ ಸಾಕು, ವರ್ಷಪೂರ್ತಿ ಒಟ್ಟಿಗೆ ಇರುವ ತಂಡ ಬೇಕು ಅಂತ ಅವನ ಆಸೆ. ನಮ್ಮಲ್ಲಿ ‘ಕಂಪನಿ ನಾಟಕ’ ಅಂದರೆ ಬೇರೆಯದೇ ಚಿತ್ರ ಕಣ್ಮುಂದೆ ಬರುತ್ತದೆ. ಆದರೆ ಒಂದು ವಿಷಯ ಎರಡೂ ಕಡೆ ಒಂದೇ. ಇವತ್ತು ರಾಣಿ ಆದವಳು ನಾಳೆ ಸಣ್ಣ ಪಾತ್ರಕ್ಕೂ ತಯಾರಿರಬೇಕು, ವರ್ಷಗಟ್ಟಲೆ ಒಟ್ಟಿಗಿರಬೇಕು. ಹಾಲ್ ಹೋಗಿ ಕೇಳಿದಾಗ ಪೆಗ್ಗಿ ತಡ ಮಾಡದೆ ಒಪ್ಪಿದರು. ಅವರು ಬಂದ ಮೇಲೆ ಬೇರೆಯವರಿಗೂ ಧೈರ್ಯ ಬಂತು. ರಾಯಲ್ ಶೇಕ್ಸ್‌ಪಿಯರ್ ಕಂಪನಿ ಹುಟ್ಟಿದ್ದು ಹೀಗೆ. 1960ರಲ್ಲಿ ಅಲ್ಲಿ ‘ದಿ ಟೇಮಿಂಗ್ ಆಫ್ ದಿ ಶ್ರೂ’ ಆಡಿದಾಗ ಗಯ್ಯಾಳಿ ಕ್ಯಾಥರೀನ್ ಆದ ಪೆಗ್ಗಿಗೆ 52 ವರ್ಷ, ಅವಳನ್ನು ಪಳಗಿಸುವ ಪೀಟರ್ ಓಟೂಲ್‌ಗೆ 27. ಹಾಗಿದ್ದೂ ನಾಟಕ ಗೆದ್ದಿತು.

ಈಗ ಮಾರ್ಗರೆಟ್. ಇಲ್ಲಿ ಸ್ವಲ್ಪ ನಿಲ್ಲಲೇಬೇಕು.

ಶೇಕ್ಸ್‌ಪಿಯರ್ ಚಿಕ್ಕ ವಯಸ್ಸಿನಲ್ಲಿ ಬರೆದ ಆರನೇ ಹೆನ್ರಿಯ ಮೂರು ನಾಟಕ, ಜೊತೆಗೆ ಮೂರನೇ ರಿಚರ್ಡ್. ಈ ನಾಲ್ಕನ್ನು ಕತ್ತರಿಸಿ, ಹೊಲಿದು, ಮೂರು ನಾಟಕ ಮಾಡಿ 1963ರಲ್ಲಿ ‘ದಿ ವಾರ್ಸ್ ಆಫ್ ದಿ ರೋಸಸ್’ ಅಂತ ಆಡಿದರು. ಕತ್ತರಿ ಜಾನ್ ಬಾರ್ಟನ್‌ದು, ನಿರ್ದೇಶನ ಪೀಟರ್ ಹಾಲ್ ಮತ್ತು ಅವರ ತಂಡದ್ದು. ಫ್ರಾನ್ಸಿನಿಂದ ಇಂಗ್ಲೆಂಡಿನ ದೊರೆಗೆ ಮದುವೆಯಾಗಿ ಬಂದ ಮಾರ್ಗರೆಟ್ ನಾಲ್ಕರಲ್ಲೂ ಇದ್ದಾಳೆ. ಬರುವಾಗ ಹರೆಯದ ಹುಡುಗಿ. ಆಮೇಲೆ ಇನ್ನೊಬ್ಬನ ಪ್ರೇಯಸಿ, ಸೈನ್ಯ ನಡೆಸುವ ರಾಣಿ, ಮಗನನ್ನು ಕಣ್ಣೆದುರೇ ಕಳೆದುಕೊಂಡ ತಾಯಿ. ಕೊನೆಗೆ ಎಲ್ಲರಿಗೂ ಶಾಪ ಹಾಕುತ್ತ ಅರಮನೆಯಲ್ಲಿ ಅಲೆಯುವ ಮುದುಕಿ. 55 ವರ್ಷದ ಪೆಗ್ಗಿ ಒಂದೇ ಪಾತ್ರದಲ್ಲಿ ಇಪ್ಪತ್ತರಿಂದ ಎಪ್ಪತ್ತರವರೆಗೆ ನಡೆದರು. ಮೂರು ನಾಟಕವನ್ನೂ ಒಂದೇ ದಿನ, ಬೆಳಗ್ಗೆಯಿಂದ ರಾತ್ರಿಯವರೆಗೆ ಆಡಿದ್ದೂ ಉಂಟು.

ಅದರಲ್ಲೊಂದು ದೃಶ್ಯ. ಮಾರ್ಗರೆಟ್ ತನ್ನ ವೈರಿ ಯಾರ್ಕ್‌ನನ್ನು ಸೆರೆ ಹಿಡಿದಿದ್ದಾಳೆ. ಅವನಿಗೆ ಸಿಂಹಾಸನದ ಆಸೆ ಇತ್ತಲ್ಲ, ಹಾಗಾಗಿ ಅವನನ್ನು ಒಂದು ಮಣ್ಣಿನ ಗುಪ್ಪೆಯ ಮೇಲೆ ನಿಲ್ಲಿಸಿ ತಲೆಗೆ ಕಾಗದದ ಕಿರೀಟ ಇಡುತ್ತಾಳೆ. ಒಂದು ಕರವಸ್ತ್ರ ಕೊಡುತ್ತಾಳೆ, ಕಣ್ಣೀರು ಒರೆಸಿಕೋ ಅಂತ. ಆ ವಸ್ತ್ರ ಅದ್ದಿರುವುದು ಅವನ ಕಿರಿಯ ಮಗನ ರಕ್ತದಲ್ಲಿ. ಯಾರ್ಕ್ ಆಗಿ ಡೊನಾಲ್ಡ್ ಸಿಂಡೆನ್. ಇದನ್ನು ಸುಮ್ನೆ ರಾಕ್ಷಸಿಯ ಹಾಗೆ ಆಡಿಬಿಡಬಹುದು, ಸುಲಭ. ಪೆಗ್ಗಿ ಇಲ್ಲಿ ನಗುತ್ತಾರೆ. ಆ ನಗು ಅವರ ಕೈ ಮೀರಿ ಹೋಗುತ್ತದೆ. ಇನ್ನೇನು ಅಳುವಾಗುತ್ತದೆ ಅನ್ನುವಾಗ ನಿಲ್ಲುತ್ತದೆ. ತಾನು ಎಷ್ಟು ದೂರ ಬಂದುಬಿಟ್ಟೆ ಅಂತ ಆಕೆಗೇ ಹೆದರಿಕೆ ಆದ ಹಾಗೆ ನನಗೆ ಕಂಡಿತು. ಎಷ್ಟು ಸಲ ನೋಡಿದರೂ ಆ ಕ್ಷಣಕ್ಕೆ ಬೆನ್ನು ತಣ್ಣಗಾಗುತ್ತದೆ.

ಇದನ್ನು ನಾನು ನೋಡಿದ್ದು ಹೇಗೆ ಅಂತೀರಾ? ಅದೇ ನಮ್ಮ ಅದೃಷ್ಟ. ಬಿಬಿಸಿಯವರು ಸ್ಟ್ರಾಟ್‌ಫರ್ಡ್ ಥಿಯೇಟರಿನೊಳಗೇ ಕ್ಯಾಮೆರಾ ಹೂಡಿ ಮೂರೂ ನಾಟಕ ಚಿತ್ರೀಕರಿಸಿ 1965ರಲ್ಲಿ ಟಿವಿಯಲ್ಲಿ ಹಾಕಿದರು. ಕಪ್ಪು ಬಿಳುಪು. ಈಗ ಡಿವಿಡಿ ಇದೆ. ಪೆಗ್ಗಿಯ ಶೇಕ್ಸ್‌ಪಿಯರ್ ರಂಗದ ಮೇಲೆ ಹೇಗಿತ್ತು ಅನ್ನುವುದಕ್ಕೆ ನಮಗೆ ಸಿಕ್ಕಿರುವ ಅತಿ ದೊಡ್ಡ ಸಾಕ್ಷಿ ಅದು.

1975ರಲ್ಲಿ ಸ್ಯಾಮುಯೆಲ್ ಬೆಕೆಟ್‌ನ ‘ಹ್ಯಾಪಿ ಡೇಸ್’. ಮೊದಲ ಅಂಕದಲ್ಲಿ ವಿನ್ನಿ ಸೊಂಟದವರೆಗೆ ಮಣ್ಣಿನಲ್ಲಿ ಹೂತಿದ್ದಾಳೆ. ಕೈಗೆ ಸಿಗುವಷ್ಟು ದೂರದಲ್ಲಿ ಒಂದು ಚೀಲ, ಒಂದು ಕೊಡೆ. ಚೀಲದಿಂದ ಹಲ್ಲುಜ್ಜುವ ಬ್ರಷ್ ತೆಗೆದು ಅದರ ಹಿಡಿ ಮೇಲಿನ ಅಕ್ಷರ ಓದಲು ನೋಡುತ್ತಾಳೆ. ಎಂಥ ಒಳ್ಳೆಯ ದಿನ ಅನ್ನುತ್ತಾಳೆ. ಎರಡನೇ ಅಂಕದಲ್ಲಿ ಕುತ್ತಿಗೆಯವರೆಗೆ ಹೂತು ಹೋಗಿದ್ದಾಳೆ, ಕೈಯೂ ಇಲ್ಲ. ಆದರೂ ಮಾತು ನಿಲ್ಲಿಸಿಲ್ಲ. ನಟಿಗೆ ಉಳಿದದ್ದು ಕಣ್ಣು, ಬಾಯಿ, ಅಷ್ಟೇ. 67 ವರ್ಷದಲ್ಲಿ ಇದನ್ನು ಒಪ್ಪಿಕೊಂಡರು ಪೆಗ್ಗಿ. ಲಂಡನ್ನಿನ ಹೊಸ ನ್ಯಾಷನಲ್ ಥಿಯೇಟರ್ ಕಟ್ಟಡ 1976ರ ಮಾರ್ಚಿನಲ್ಲಿ ಬಾಗಿಲು ತೆರೆದಾಗ ಮೊದಲು ಆಡಿದ ನಾಟಕಗಳಲ್ಲಿ ಇದೂ ಒಂದು.

ಆಮೇಲೆ ಬಂದದ್ದು ಟೆಲಿವಿಷನ್. ಎಪ್ಪತ್ತು ದಾಟಿದ ನಟಿಗೆ ಟಿವಿ ಅಂದರೆ ಸಾಮಾನ್ಯವಾಗಿ ಮೂಲೆಯಲ್ಲಿ ಸ್ವೆಟರ್ ಹೆಣೆಯುವ ಅಜ್ಜಿ ಪಾತ್ರ. ಪೆಗ್ಗಿಗೆ ಹಾಗಾಗಲಿಲ್ಲ. ವಿನ್ನಿ ಮಾಡಿದವರಿಗೆ ಮುಖ ಒಂದೇ ಸಾಕು ಅನ್ನುವುದು ಗೊತ್ತಿತ್ತು, ಟಿವಿಗೂ ಬೇಕಾದದ್ದು ಅದೇ. 1980ರ ಬಿಬಿಸಿ ಚಿತ್ರ ‘ಕಾಟ್ ಆನ್ ಎ ಟ್ರೇನ್’ ಸಿಕ್ಕರೆ ಬಿಡಬೇಡಿ. ಯುರೋಪಿನಲ್ಲಿ ರಾತ್ರಿ ರೈಲು. ಒಬ್ಬ ಇಂಗ್ಲಿಷ್ ತರುಣ, ಒಬ್ಬಳು ವಿಯೆನ್ನಾದ ಮುದುಕಿ. ಸೀಟಿನ ವಿಷಯಕ್ಕೆ ಶುರುವಾದ ಕಿರಿಕಿರಿ ರಾತ್ರಿಯಿಡೀ ಬೆಳೆಯುತ್ತದೆ. ನಮ್ಮ ರೈಲಿನಲ್ಲೂ ಇಂಥವರು ಸಿಗುತ್ತಾರೆ, ‘ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಿ’ ಅಂತ ನಿಮ್ಮ ಜಾಗದಲ್ಲೇ ಹಾಸಿಗೆ ಬಿಚ್ಚುವವರು. ಮೊದಲು ಆ ಮುದುಕಿಯನ್ನು ಕತ್ತು ಹಿಡಿದು ಇಳಿಸಬೇಕು ಅನ್ನಿಸುತ್ತದೆ. ಪ್ರಯಾಣ ಮುಗಿಯುವ ಹೊತ್ತಿಗೆ ಆ ಹುಡುಗನ ಮೇಲೇ ನಮಗೆ ಬೇಸರ. ಆ ವರ್ಷದ ಕೆಲಸಕ್ಕೆ ಬ್ರಿಟನ್ನಿನ ಸಿನಿಮಾ, ಟಿವಿಯವರಿಗೆ ಕೊಡುವ ಬಾಫ್ಟಾ ಪ್ರಶಸ್ತಿ ಬಂತು.

ಇನ್ನೊಂದು ತಮಾಷೆ ನೋಡಿ. ಇಳಿವಯಸ್ಸಿನಲ್ಲಿ ಅವರ ಪಾತ್ರಗಳು ಮತ್ತೆ ಮತ್ತೆ ಭಾರತಕ್ಕೇ ಬಂದವು. 1978ರಲ್ಲಿ ಮರ್ಚೆಂಟ್-ಐವರಿ ಜೋಡಿ ಜೋಧಪುರದಲ್ಲಿ ತೆಗೆದ ‘ಹಲ್ಲಬಲೂ ಓವರ್ ಜಾರ್ಜಿ ಅಂಡ್ ಬಾನೀಸ್ ಪಿಕ್ಚರ್ಸ್’ನಲ್ಲಿ ಹಳೆಯ ಚಿತ್ರಗಳ ಬೇಟೆಗೆ ಬರುವ ಬ್ರಿಟಿಷ್ ಮಹಿಳೆ. ಅದರಲ್ಲಿ ಮಹಾರಾಜನಾಗಿದ್ದವರು ವಿಕ್ಟರ್ ಬ್ಯಾನರ್ಜಿ, ನೀವು ನೋಡಿದ ಡಾ. ಅಜೀಜ್. ಮಸೀದಿಯ ದೃಶ್ಯದಲ್ಲಿ ಮೊದಲ ಸಲ ಭೇಟಿಯಾದ ಹಾಗೆ ನಟಿಸುವ ಈ ಇಬ್ಬರೂ ಆಗಲೇ ಹಳೆಯ ಪರಿಚಯದವರು!

ಆಮೇಲೆ ಗ್ರಾನಡಾ ಟಿವಿಯ 14 ಕಂತಿನ ಧಾರಾವಾಹಿ ‘ದಿ ಜ್ಯುವೆಲ್ ಇನ್ ದಿ ಕ್ರೌನ್’, 1984ರ ಜನವರಿಯಿಂದ ಏಪ್ರಿಲ್‌ವರೆಗೆ. ಶಿಮ್ಲಾ, ಉದಯಪುರಗಳಲ್ಲಿ ಚಿತ್ರೀಕರಣ. ಪೆಗ್ಗಿ ಅಲ್ಲಿ ಬಾರ್ಬಿ ಬ್ಯಾಚಲರ್, ನಿವೃತ್ತಿಯಾದ ಮಿಶನರಿ ಶಿಕ್ಷಕಿ. ಗಿರಿಧಾಮದ ಒಂದು ಬಂಗಲೆಯಲ್ಲಿ ಬಾಡಿಗೆಗೆ ಇರುತ್ತಾಳೆ. ವಟವಟ ಮಾತು. ಮೇಲಿನ ವರ್ಗದ ಬ್ರಿಟಿಷ್ ಹೆಂಗಸರಿಗೆ ಅವಳೊಂದು ತಲೆನೋವು. ಮನೆಯೊಡತಿ ಸತ್ತ ಮೇಲೆ ಹೊರಗೆ ಹಾಕುತ್ತಾರೆ. ಅವಳ ಹತ್ತಿರ ಇರುವುದು ಒಂದು ಟ್ರಂಕು, ಅದರ ತುಂಬ ಮಿಶನ್ ಶಾಲೆಯ ನೆನಪು. ಮಳೆಯಲ್ಲಿ ಆ ಟ್ರಂಕನ್ನು ಟಾಂಗಾ ಮೇಲೆ ಹೇರಿಕೊಂಡು ಇಳಿಜಾರಿನಲ್ಲಿ ಹೊರಡುತ್ತಾಳೆ. ಟಾಂಗಾ ಉರುಳುತ್ತದೆ. ಅಲ್ಲಿಂದ ಮುಂದೆ ಆ ಬಾಯಿಬಡುಕಿ ನಿಧಾನವಾಗಿ ಮಾತು ಕಳೆದುಕೊಳ್ಳುತ್ತಾಳೆ. ಆಸ್ಪತ್ರೆಯ ಹಾಸಿಗೆಯಲ್ಲಿ ಆ ಮುಖದ ಮೇಲೆ ಬರೀ ಮೌನ. ಇಡೀ ಸಾಮ್ರಾಜ್ಯ ಯಾಕೆ ಮುಗಿಯಿತು ಅನ್ನುವುದಕ್ಕೆ ಆ ಮುಖದಷ್ಟು ಸರಳ ವಿವರಣೆ ನಾನು ಬೇರೆಲ್ಲೂ ಕಂಡಿಲ್ಲ. ನನ್ನ ಲೆಕ್ಕದಲ್ಲಿ ಮಿಸೆಸ್ ಮೂರ್‌ಗಿಂತ ಬಾರ್ಬಿ ದೊಡ್ಡ ಪಾತ್ರ. ಇದಕ್ಕೂ ಬಾಫ್ಟಾ ಬಂತು.

ಈಗ ನಿಮ್ಮ ಊರಿಗೆ ಬರೋಣ. 14 ವರ್ಷ ಸಿನಿಮಾ ಮಾಡದೆ ಕೂತಿದ್ದ ನಿರ್ದೇಶಕ ಡೇವಿಡ್ ಲೀನ್, ಫಾರ್‌ಸ್ಟರ್ ಬರೆದ ‘ಎ ಪ್ಯಾಸೇಜ್ ಟು ಇಂಡಿಯಾ’ ಕಾದಂಬರಿ ಕೈಗೆತ್ತಿಕೊಂಡರು. ಕತೆಯ ಮರಬಾರ್ ಗುಹೆಗಳಿಗೆ ಮೂಲ ಬಿಹಾರದ ಬರಾಬರ್ ಗುಹೆಗಳು. ಅವು ಲೀನ್ ಕಣ್ಣಿಗೆ ತೀರಾ ಸಪ್ಪೆ ಕಂಡವು. ಅವರಿಗೆ ಬೇಕಾದ ಬಂಡೆ ಸಿಕ್ಕಿದ್ದು ಸಾವನದುರ್ಗ ಮತ್ತು ನಿಮ್ಮ ರಾಮದೇವರ ಬೆಟ್ಟದ ಕಡೆ. ಕತೆಯಲ್ಲಿ ಬರುವ ಊರಿನ ಬಜಾರನ್ನು ಬೆಂಗಳೂರಿನ ಅರಮನೆ ಮೈದಾನದಲ್ಲಿ ಕಟ್ಟಿದರು. ಗಬ್ಬರ್ ಸಿಂಗ್ ಅಡಗಿದ್ದ ಬೆಟ್ಟಕ್ಕೆ ಹತ್ತು ವರ್ಷದ ಮೇಲೆ ಮಿಸೆಸ್ ಮೂರ್ ಬಂದ ಹಾಗಾಯಿತು.

ಪೆಗ್ಗಿಗೆ ಮೊದಲು ಮನಸ್ಸಿರಲಿಲ್ಲ. ಧಾರಾವಾಹಿಗಾಗಿ ಭಾರತ ಸುತ್ತಿ ಬಂದು ದಣಿದಿದ್ದರು. ‘ಮಿಸ್ಟರ್ ಲೀನ್, ನನಗೆ 75 ವರ್ಷ’ ಅಂದರಂತೆ. ಲೀನ್ ಹೇಳಿದ್ದು ಇಷ್ಟೇ: ‘ನನಗೂ ಅಷ್ಟೇ.’ ನಿಜವಾಗಿಯೂ ಅಷ್ಟೇ. ಲೀನ್ ಹುಟ್ಟಿದ್ದು 1908ರ ಮಾರ್ಚ್ 25ರಂದು, ಪೆಗ್ಗಿಗಿಂತ ಮೂರು ತಿಂಗಳು ಚಿಕ್ಕವರು. ಎಲ್ಲಿ ಗೊತ್ತಾ? ಕ್ರಾಯ್ಡನ್ನಿನಲ್ಲೇ. ಒಂದೇ ಊರಿನಲ್ಲಿ ಮೂರು ತಿಂಗಳ ಅಂತರದಲ್ಲಿ ಹುಟ್ಟಿದ ಇಬ್ಬರು ಕನ್ನಡ ನಾಡಿನ ಬಂಡೆಗಳ ನಡುವೆ ಒಟ್ಟಿಗೆ ಕೆಲಸ ಮಾಡಿದರು. ಪ್ರೊಫೆಸರ್ ಗೋಡ್ಬೋಲೆ ಪಾತ್ರದ ಅಲೆಕ್ ಗಿನ್ನೆಸ್ ಕೂಡ ಹಳೆಯ ಒಡನಾಡಿ. 1937-38ರಲ್ಲಿ ಗಿಲ್ಗುಡ್ ಕ್ವೀನ್ಸ್ ಥಿಯೇಟರಿನಲ್ಲಿ ನಡೆಸಿದ ತಂಡದಲ್ಲಿ ಪೆಗ್ಗಿ ನಾಯಕಿ, ಗಿನ್ನೆಸ್ ಇನ್ನೂ ಸಣ್ಣ ಪಾತ್ರದ ಹುಡುಗ. ಅದೇ ತಂಡದ ಇನ್ನೊಬ್ಬ ನಟ ಮೈಕೆಲ್ ರೆಡ್‌ಗ್ರೇವ್.

ಆಸ್ಕರ್ ಸಮಾರಂಭ 1985ರ ಮಾರ್ಚ್ 25ಕ್ಕೆ. ಲೀನ್‌ಗೆ ಅಂದು 77 ತುಂಬಿದ ದಿನ. ಪೋಷಕ ನಟಿ ವಿಭಾಗದಲ್ಲಿ ಪೆಗ್ಗಿಯಷ್ಟು ವಯಸ್ಸಾದ ಮೇಲೆ ಗೆದ್ದವರು ಇನ್ನೊಬ್ಬರಿಲ್ಲ. ಆದರೆ ವೇದಿಕೆಯ ಮೇಲೆ ಪೆಗ್ಗಿ ಇರಲಿಲ್ಲ. ನಾಲ್ಕು ದಿನ ಮೊದಲಷ್ಟೇ ಆ ರೆಡ್‌ಗ್ರೇವ್ ತೀರಿಕೊಂಡಿದ್ದರು. ಪ್ರಶಸ್ತಿಯನ್ನು ಅವರ ಪರವಾಗಿ ಏಂಜೆಲಾ ಲಾನ್ಸ್‌ಬರಿ ತೆಗೆದುಕೊಂಡರು.

ಅಷ್ಟು ಹೊತ್ತಿಗೆ ರಂಗ ಬಿಟ್ಟಿದ್ದರು. 1981ರಲ್ಲಿ ‘ಆಲ್ಸ್ ವೆಲ್ ದಟ್ ಎಂಡ್ಸ್ ವೆಲ್’ನ ಕೌಂಟೆಸ್ ಅವರ ಕೊನೆಯ ರಂಗಪಾತ್ರ. ಕೆಲಸ ಮಾತ್ರ ನಿಲ್ಲಲಿಲ್ಲ. ಶಬಾನಾ ಆಜ್ಮಿ ಇದ್ದ ‘ಮೇಡಂ ಸುಸಾಟ್ಸ್ಕಾ’ದಲ್ಲಿ ಮನೆಯೊಡತಿ ಲೇಡಿ ಎಮಿಲಿ. 1989ರಲ್ಲಿ ಬಿಬಿಸಿಗೆ ‘ಶೀಸ್ ಬೀನ್ ಅವೇ’, ದಶಕಗಟ್ಟಲೆ ಮಾನಸಿಕ ಆಸ್ಪತ್ರೆಯಲ್ಲಿ ಕಳೆದು ಹೊರಗೆ ಬಂದ ಮುದುಕಿ. ವೆನಿಸ್ ಉತ್ಸವದಲ್ಲಿ ಅತ್ಯುತ್ತಮ ನಟಿ ಪ್ರಶಸ್ತಿಯನ್ನು ಸಹನಟಿ ಜೆರಾಲ್ಡಿನ್ ಜೇಮ್ಸ್ ಜೊತೆ ಹಂಚಿಕೊಂಡರು. ಕೊನೆಯ ಕೆಲಸ 1991ರ ಏಪ್ರಿಲ್‌ನಲ್ಲಿ ಬಂದ ಬಿಬಿಸಿ ರೇಡಿಯೊ ನಾಟಕ, ಟಾಮ್ ಸ್ಟಾಪರ್ಡ್ ಬರೆದ ‘ಇನ್ ದಿ ನೇಟಿವ್ ಸ್ಟೇಟ್’. ಅದೂ ಭಾರತದ ಕತೆ! ಆ ಏಪ್ರಿಲ್‌ನಲ್ಲೇ ಲೀನ್ ಹೋದರು. ಎರಡು ತಿಂಗಳಿಗೆ, ಜೂನ್ 14ಕ್ಕೆ, ಪೆಗ್ಗಿ. ಅವರ ಚಿತಾಭಸ್ಮವನ್ನು ಸ್ಟ್ರಾಟ್‌ಫರ್ಡ್‌ನಲ್ಲಿ ಶೇಕ್ಸ್‌ಪಿಯರ್ ಮನೆಯಿದ್ದ ನ್ಯೂ ಪ್ಲೇಸ್ ತೋಟದ ಒಂದು ಹಿಪ್ಪುನೇರಳೆ ಮರದ ಬುಡಕ್ಕೆ ಹಾಕಿದರು. 1969ರಲ್ಲಿ ಆ ಗಿಡ ನೆಟ್ಟವರು ಪೆಗ್ಗಿಯೇ. ರೇಷ್ಮೆಯ ಊರಾದ ನಿಮಗೆ ಆ ಮರದ ಪರಿಚಯ ಮಾಡಿಕೊಡಬೇಕಿಲ್ಲ.

ಇನ್ನು ಎಲ್ಲಿಂದ ಶುರು ಮಾಡುವುದು ಅನ್ನುವ ಪ್ರಶ್ನೆ. ಮೊದಲು ‘ದಿ ಜ್ಯುವೆಲ್ ಇನ್ ದಿ ಕ್ರೌನ್’. ಬಾರ್ಬಿ ಶುರುವಿನಲ್ಲೇ ಸಿಗುವುದಿಲ್ಲ, ತಾಳ್ಮೆ ಇರಲಿ. ಆಮೇಲೆ ಆ ರೈಲಿನ ಚಿತ್ರ. ಶೇಕ್ಸ್‌ಪಿಯರ್ ಭಾಷೆ ಕಷ್ಟ ಅನ್ನಿಸಿದರೂ ‘ವಾರ್ಸ್ ಆಫ್ ದಿ ರೋಸಸ್’ನ ಕರವಸ್ತ್ರದ ದೃಶ್ಯವನ್ನಾದರೂ ನೋಡಿ, ಮಾತು ಅರ್ಥವಾಗದಿದ್ದರೂ ಪರವಾಗಿಲ್ಲ. ಇಷ್ಟಾದ ಮೇಲೆ ನಿಮ್ಮ ಊರಿನ ಚಿತ್ರವನ್ನು ಇನ್ನೊಂದು ಸಲ ಹಾಕಿ. ಮಸೀದಿಯ ದೃಶ್ಯಕ್ಕೆ ಹೋಗಿ. ರಾತ್ರಿ, ಬೆಳದಿಂಗಳು. ಇಲ್ಲಿ ಬರಬಾರದು, ಚಪ್ಪಲಿ ಬಿಡಬೇಕಿತ್ತು ಅಂತ ಅಜೀಜ್ ರೇಗುತ್ತಾನೆ. ಬಿಟ್ಟೇ ಬಂದಿದ್ದೇನೆ ಅನ್ನುತ್ತಾಳೆ ಮುದುಕಿ. ದನಿ ಏರಿಸುವುದಿಲ್ಲ, ಸಮಜಾಯಿಷಿ ಕೊಡುವುದಿಲ್ಲ. ಅವನು ಹೇಳಿದ್ದನ್ನು ಪೂರ್ತಿ ಕೇಳಿಸಿಕೊಂಡು ಆಮೇಲೆ ಮಾತಾಡುತ್ತಾಳೆ. 1935ರಲ್ಲಿ ಇಬ್ಬರು ರೋಮಿಯೊಗಳ ಎದುರು ನಿಂತವರು ಇವರೇ ಅಂತ ಆಗ ನಿಮಗೆ ಗುರುತು ಸಿಗುತ್ತದೆ.